ಬಾತುಗಳ ಹಿಂದಿನ ಆಕಾಶ

ಜನವರಿ 6, ಸೋಮವಾರ

ಮದುವೆಯಾಗಿ ಹತ್ತೊಂಬತ್ತು ದಿನ. ಇವತ್ತು ಫ್ರೀಜರ್ ತೆಗೆದು ಕಿರುಚಿದೆ.

ಹುಡುಕಿದ್ದು ಐಸ್‌ಕ್ರೀಮ್. ಮನೆಯ ಹಿಂದಿನ ಶೆಡ್ಡಿನಲ್ಲಿ ಒಂದಾಳು ಮಲಗಬಹುದಾದ ಫ್ರೀಜರ್ ಇದೆ. ಇಷ್ಟು ದೊಡ್ಡದನ್ನು ಇಟ್ಟುಕೊಂಡವರು ಎಂಥ ರಸಿಕರಿರಬೇಕು, ಎಷ್ಟು ಫ್ಲೇವರ್ ಇಟ್ಟಿರಬೇಕು ಎಂದುಕೊಂಡು ಮುಚ್ಚಳ ಎತ್ತಿದೆ. ಪ್ಲಾಸ್ಟಿಕ್ ಚೀಲಗಳೊಳಗಿಂದ ಐದು ಬಾತುಗಳು ನನ್ನನ್ನು ನೋಡಿದವು. ಸರಿಯಾಗಿ ಹೇಳಬೇಕೆಂದರೆ ನಾಲ್ಕು ನೋಡಿದವು. ಐದನೆಯದಕ್ಕೆ ತಲೆ ಇರಲಿಲ್ಲ.

"ಕಿರುಚಿದ್ದು ಮುಗೀತಾ?" ಹಿಂದಿನಿಂದ ಅತ್ತೆಯ ದನಿ. "ಮುಚ್ಚಳ ಹಾಕು. ಚಳಿ ಎಲ್ಲಾ ಹೊರಗೆ ಹೋಗ್ತಿದೆ."

ಅತ್ತೆ ಮ್ಯೂಸಿಯಂಗೆ ಗಾಜಿನ ಪೆಟ್ಟಿಗೆಗಳನ್ನು ಕಟ್ಟಿಕೊಡುವವರು ಎಂದು ಗೊತ್ತಿತ್ತು. ಪೆಟ್ಟಿಗೆಯೊಳಗೆ ಯಾರು ಇರುತ್ತಾರೆ ಎಂದು ಮದುವೆಗೆ ಮುಂಚೆ ಕೇಳಬೇಕಿತ್ತು. ಸತ್ತು ಅರವತ್ತು ವರ್ಷವಾದ ಹಕ್ಕಿಗಳಂತೆ. ಒಳಗೆ ತಂತಿ, ಹುಲ್ಲು ತುಂಬಿ, ಗಾಜಿನ ಕಣ್ಣಿಟ್ಟು, ಮ್ಯೂಸಿಯಂ ಉಗ್ರಾಣದಲ್ಲಿ ಕೂರಿಸಿದ್ದರಂತೆ. ಗರಿ ತಿನ್ನುವ ಹುಳ ಸಾಯಲಿ ಎಂದು ಮೂರು ವಾರದಿಂದ ಫ್ರೀಜರಿನಲ್ಲಿವೆ. ನಾನು ಮದುವೆಯ ಜರಿ ಬಟ್ಟೆಯಲ್ಲಿ ಹೊಸಿಲು ದಾಟುವಾಗ ಇವು ಆಗಲೇ ಒಳಗಿದ್ದವು. ಮನೆಯಲ್ಲಿ ನನಗಿಂತ ಹಿರಿಯರು.

ನನ್ನ ಚಿನ್ನ ಸಂಜೆ ಆಫೀಸಿನಿಂದ ಬಂದ ಕೂಡಲೇ ಎಲ್ಲ ಹೇಳಿದೆ. ಅವನು ನಕ್ಕ. ಅವನು ನಕ್ಕರೆ ಎಡಗೆನ್ನೆಯಲ್ಲಿ ಮಾತ್ರ ಗುಳಿ ಬೀಳುತ್ತದೆ! ಇಡೀ ಜಗತ್ತಿನಲ್ಲಿ ಇನ್ಯಾರಿಗೂ ಹಾಗೆ ಬೀಳಲಾರದು. "ಅಮ್ಮ ಹಾಗೇನೇ" ಎಂದ. ಸಮುದ್ರ ತೀರದ ನಮ್ಮ ಹನಿಮೂನ್ ಫೆಬ್ರವರಿ ಇಪ್ಪತ್ತರ ನಂತರವಂತೆ. ಮ್ಯೂಸಿಯಂ ಅವತ್ತು ಮತ್ತೆ ತೆರೆಯುತ್ತದೆ, ಅಷ್ಟರೊಳಗೆ ಬಾತಿನ ಪೆಟ್ಟಿಗೆ ಆಗಲೇಬೇಕು. ಅಂದರೆ ನನ್ನ ಹನಿಮೂನಿಗೂ ಸಮುದ್ರಕ್ಕೂ ನಡುವೆ ಐದು ಬಾತುಗಳು ನಿಂತಿವೆ. ಒಂದಕ್ಕೆ ತಲೆಯೂ ಇಲ್ಲ.

(ಶಾಲೆಯಲ್ಲಿ ಡೈರಿಯನ್ನು ಇಂಗ್ಲಿಷಿನಲ್ಲಿ ಬರೆದು ಮಿಸ್‌ಗೆ ತೋರಿಸಬೇಕಿತ್ತು. ಅವರು ನನ್ನ ಭಾವನೆಗಳನ್ನು ಕೆಂಪು ಇಂಕಿನಲ್ಲಿ ತಿದ್ದುತ್ತಿದ್ದರು. ಅದಕ್ಕೇ ಇದು ಕನ್ನಡದಲ್ಲಿ.)

ಜನವರಿ 8, ಬುಧವಾರ

ನನಗೆ ಕೆಲಸ ಸಿಕ್ಕಿದೆ. ಜೊಂಡು ಕತ್ತರಿಸುವುದು. ಕೆರೆಯಂಚಿನಲ್ಲಿ ಬೆಳೆಯುತ್ತದಲ್ಲ, ಉದ್ದ ಎಲೆಯ ಜೊಂಡು, ಅದನ್ನು ದಪ್ಪ ಕಾಗದದಲ್ಲಿ ಕತ್ತರಿಸಿ, ನಡುವೆ ಉಗುರಿನಿಂದ ನರ ಎಳೆದು, ಒಂದಿಷ್ಟು ಬಾಗಿಸಬೇಕು. ನಾನೂರು ಎಲೆ.

"ಎಲ್ಲಾ ಒಂದೇ ಥರ ಬಂದಿದೆ" ಎಂದರು ಮಹಾರಾಣಿ, ನನ್ನ ಮೊದಲ ಮೂವತ್ತನ್ನು ಬೆರಳಲ್ಲಿ ಸವರಿ.

"ಥ್ಯಾಂಕ್ಸ್ ಅತ್ತೆ!"

"ಹೊಗಳಿದ್ದಲ್ಲ. ಎಲ್ಲಾ ಒಂದೇ ಥರ ಇರೋದು ಸ್ಕೂಲ್ ಯೂನಿಫಾರಂ, ಕಾನ್ವೆಂಟು. ಗಿಡ ಅಲ್ಲ."

ಕಾನ್ವೆಂಟು. ಇದು ನನ್ನ ಹೆಸರು ಈಗ. ನನ್ನ ಸರ್ಟಿಫಿಕೇಟುಗಳ ಮೇಲೆ ಬೇರೆ ಏನೋ ಇತ್ತು, ಮರೆಯುತ್ತಾ ಬಂದಿದೆ.

ಜನವರಿ 11, ಶನಿವಾರ

ಇವತ್ತು ಬಾತುಗಳನ್ನು ಗರಗಸದಿಂದ ಕೊಯ್ದರು. ನನ್ನ ಕಣ್ಣೆದುರಿಗೇ! ಕೈಗೆ ಗ್ಲೌಸ್, ಮೂಗಿಗೆ ಮಾಸ್ಕ್. ಹಳೆಯ ಕಾಲದವರು ತೊಗಲಿಗೆ ವಿಷ ಸವರಿರುತ್ತಿದ್ದರಂತೆ. ಸೊಗಸಾದ ಮನೆ.

"ನೀರ ಮೇಲೆ ತೇಲೋ ಹಕ್ಕಿಗೆ ಹೊಟ್ಟೆ ಯಾಕೆ?" ಎನ್ನುತ್ತಾ ನೀರಿನ ಮಟ್ಟಕ್ಕೆ ಸರಿಯಾಗಿ ಅಡಿಭಾಗ ತೆಗೆದರು. ಮೇಲಿನ ಅರ್ಧವನ್ನು ನೀರಿನ ಮೇಲೆ ಅಂಟಿಸುತ್ತಾರೆ, ಕಾಲನ್ನು ಮಾತ್ರ ಬೇರೆಯಾಗಿ ಕೆಳಗೆ ಇಳಿಬಿಡುತ್ತಾರೆ. ನೀರು ಎಂದರೆ ರೆಸಿನ್. ಪದರ ಪದರವಾಗಿ ಸುರಿದರೆ ಗಾಜಿನಂತೆ ಗಟ್ಟಿಯಾಗುವ ಅಂಟು.

"ತಲೆ ಇಲ್ಲದ್ದನ್ನ ಏನ್ ಮಾಡ್ತೀರ? ಎಸೀತೀರಾ?"

ಅದರ ತಲೆಯನ್ನು ಹುಳ ತಿಂದಿವೆ. ಅತ್ತೆ ಅದನ್ನು ಎತ್ತಿ, ತಲೆಕೆಳಗು ಮಾಡಿ, ಬಾಲ ಮೇಲೆ ಬರುವಂತೆ ಹಲಗೆಯ ತೂತಿಗೆ ಇಳಿಸಿದರು. ಅಷ್ಟೇ. ಕೆಸರಿನಲ್ಲಿ ಊಟ ಹುಡುಕಲು ಮುಳುಗಿದ ಬಾತು! ತಲೆ ನೀರೊಳಗಿದೆ ಎಂದು ಯಾರು ಬೇಕಾದರೂ ನಂಬುತ್ತಾರೆ.

"ಎಸೀತಾಳಂತೆ" ಎಂದರು. "ಇದೇ ಎಲ್ಲರಿಗಿಂತ ಚೆನ್ನಾಗಿ ಕಾಣೋದು, ನೋಡ್ತಿರು."

ಒಪ್ಪಿಕೊಳ್ಳಲು ಮನಸ್ಸಿಲ್ಲ, ಆದರೂ ಚಪ್ಪಾಳೆ ತಟ್ಟಿಬಿಟ್ಟೆ. ಆಮೇಲೆ ಕೈ ತೊಳೆದುಕೊಂಡೆ. ಮೂರು ಸಲ.

ಜನವರಿ 16, ಗುರುವಾರ

ಮಹಾರಾಣಿಯವರ ಫ್ಯಾಷನ್: ಒಂದು ಕೈಗೆ ಕಪ್ಪು ಗ್ಲೌಸ್, ಇನ್ನೊಂದಕ್ಕೆ ಕಡುನೀಲಿ. ಹೇಳಿದರೆ, "ಕೈಗೆ ಗೊತ್ತಾಗುತ್ತಾ?" ಎಂದರು. ನನ್ನ ಚಿನ್ನ ತಂದುಕೊಟ್ಟ ತಿಳಿಹಳದಿ ಡ್ರೆಸ್ ಹಾಕಿ ಮುಂದೆ ನಿಂತರೆ, "ಬಿಳಿ ಬೇಡ, ಶೆಡ್ಡಿನಲ್ಲಿ ಕೊಳೆ ಆಗುತ್ತೆ." ನನ್ನನ್ನು ಸರಿಯಾಗಿ ನೋಡುವ ಸೌಜನ್ಯವೂ ಇಲ್ಲ. ಮ್ಯೂಸಿಯಂನಿಂದ ಬಂದ ಪತ್ರವನ್ನೂ ನನ್ನಿಂದಲೇ ಓದಿಸಿದರು. ಕನ್ನಡಕ ಎಲ್ಲೋ ಇದೆಯಂತೆ. ಅದು ಅವರ ತಲೆಯ ಮೇಲೆಯೇ ಇತ್ತು.

ಪತ್ರದಲ್ಲಿ ಕ್ಯೂರೇಟರ್ ಬರೆದದ್ದು: ಪೆಟ್ಟಿಗೆ ತಡವಾದರೆ ಅಥವಾ "ಇತ್ತೀಚಿನ ಕೆಲವು ಕೆಲಸಗಳಂತೆ ತೃಪ್ತಿಕರವಾಗಿಲ್ಲದಿದ್ದರೆ" ಆ ಮೂಲೆಯಲ್ಲಿ ಒಂದು ಟಚ್‌ಸ್ಕ್ರೀನ್ ಇಡಲಾಗುವುದು. ಮುಂದೆ ಪೆಟ್ಟಿಗೆಗಳ ಅಗತ್ಯವೂ ಬೀಳದು.

ಓದಿ ಮುಗಿಸಿದೆ. ಅತ್ತೆ ಬಾತಿನ ಬೆನ್ನಿನ ಗರಿಗಳನ್ನು ಚಿಮಟಿಗೆಯಲ್ಲಿ ಒಂದೊಂದಾಗಿ ಕೂರಿಸುತ್ತಲೇ ಇದ್ದರು. ಮೂವತ್ತೆರಡು ವರ್ಷದಿಂದ ಈ ಕೆಲಸ ಮಾಡುತ್ತಿದ್ದಾರಂತೆ. ಮಾವ ಹೋದ ಮೇಲೆ ಇದೊಂದೇ ಎಂದು ನನ್ನ ಚಿನ್ನ ಹೇಳಿದ.

ಜನವರಿ 19, ಭಾನುವಾರ

ಎಲೆ 260. ಯಾವ ಎರಡೂ ಒಂದೇ ಥರ ಇಲ್ಲ. ಯೂನಿಫಾರಂ ಅಂತೆ! ಹ!

ಜನವರಿ 20, ಸೋಮವಾರ

ಸರ್ಪ್ರೈಸ್ ಕೊಟ್ಟೆ! ಅತ್ತೆ ದಂತವೈದ್ಯರ ಬಳಿ ಹೋಗಿದ್ದಾಗ ಅವರ ಬಣ್ಣದ ಮೇಜನ್ನು ಕ್ಲೀನ್ ಮಾಡಿದೆ. ಎಂಥ ಅವ್ಯವಸ್ಥೆ! ಇಪ್ಪತ್ತೆರಡು ಟ್ಯೂಬು. ಹಳದಿಯ ಪಕ್ಕ ಕಪ್ಪು, ಕಪ್ಪಿನ ಪಕ್ಕ ನೀಲಿ, ನೀಲಿಯ ಪಕ್ಕ ಇಟ್ಟಿಗೆಗೆಂಪು. ಯಾವ ತರ್ಕವೂ ಇಲ್ಲ. ಎಲ್ಲವನ್ನೂ ಒರೆಸಿ, ಶಾಲೆಯಲ್ಲಿ ಕಲಿತ ವಿಬ್ಗಯಾರ್ ಪ್ರಕಾರ ಕಾಮನಬಿಲ್ಲಿನ ಕ್ರಮದಲ್ಲಿ ಜೋಡಿಸಿದೆ. ಎಷ್ಟು ಮುದ್ದಾಗಿ ಕಾಣುತ್ತದೆಂದರೆ ಫೋಟೋ ತೆಗೆದೆ.

ಬಂದವರು ನೋಡಿ ಏನಾದರೂ ಹೇಳುತ್ತಾರೆ ಎಂದು ಬಾಗಿಲ ಬಳಿ ಕಾದೆ. ಏನೂ ಇಲ್ಲ. ನೇರ ಬಂದು ಕೂತು ಬ್ರಷ್ ಕೈಗೆತ್ತಿಕೊಂಡರು. ಈ ಮನೆಯಲ್ಲಿ ಹೊಗಳಿಸಿಕೊಳ್ಳಲು ಮೊದಲು ಸಾಯಬೇಕು, ಆಮೇಲೆ ಒಳಗೆ ಹುಲ್ಲು ತುಂಬಿಸಿಕೊಳ್ಳಬೇಕು.

ಜನವರಿ 21, ಮಂಗಳವಾರ

ಹಿಂಬದಿಯ ಆಕಾಶ ಮುಗಿಯಿತಂತೆ. ಪೆಟ್ಟಿಗೆಯ ಹಿಂಭಾಗ ಅರ್ಧ ಕೊಳವೆಯ ಹಾಗೆ ಬಾಗಿರುತ್ತದೆ, ಮೂಲೆ ಕಾಣಬಾರದೆಂದು. ಅದರ ಮೇಲೆ ಸೂರ್ಯ ಹುಟ್ಟುವ ಮುಂಚಿನ ಬೂದು ಆಕಾಶ ಬರಬೇಕಿತ್ತು. ಬಂದಿರುವುದು ತಿಳಿನೇರಳೆ. ಕೆಳಗೆ ಕಿತ್ತಳೆ. ಮಕ್ಕಳ ಹುಟ್ಟುಹಬ್ಬದ ಕೇಕ್ ಮುಂದೆ ನಾಲ್ಕು ಬಾತುಗಳು ಗಂಭೀರವಾಗಿ ನಿಂತ ಹಾಗಿದೆ. ಐದನೆಯದು ನಾಚಿಕೆಯಿಂದ ತಲೆ ಮುಳುಗಿಸಿಕೊಂಡಿದೆ.

"ಹೇಗಿದೆ?" ಎಂದು ಕೇಳಿದರು. ಮೊದಲ ಸಲ ನನ್ನ ಅಭಿಪ್ರಾಯ ಕೇಳಿದ್ದು.

"ತುಂಬಾ... ಮಾಡರ್ನ್ ಆಗಿದೆ ಅತ್ತೆ."

"ಮಾಡರ್ನ್ ಏನು ಬಂತು? ನಸುಕು ಅದು."

ಕಲಾವಿದರ ಮನಸ್ಸು. ನಮ್ಮಂಥವರಿಗೆ ಅರ್ಥವಾಗುತ್ತದೆಯೇ.

ಜನವರಿ 22, ಬುಧವಾರ

ಬೆಳಿಗ್ಗೆ ಕ್ಯೂರೇಟರ್ ಹೇಳದೆ ಕೇಳದೆ ಬಂದ. ಇಸ್ತ್ರಿ ಮಾಡಿದ ಮನುಷ್ಯ. ಮುಖಕ್ಕೂ ಇಸ್ತ್ರಿ ಮಾಡಿಸಿದ ಹಾಗಿದೆ. ಪೆಟ್ಟಿಗೆಯ ಮುಂದೆ ನಿಂತು ಕನ್ನಡಕ ತೆಗೆದ, ಒರೆಸಿದ, ಮತ್ತೆ ಹಾಕಿಕೊಂಡ.

"ಏನಮ್ಮಾ ಇದು ಬಣ್ಣ?"

"ಯಾವ ಬಣ್ಣ?" ಎಂದರು ಅತ್ತೆ. "ನಸುಕಿನ ಬೂದು."

"ಬೂದಾ?" ಎಂದ. "ಇದು ಬೂದಾ?"

ಅತ್ತೆ ಗೋಡೆಯ ಕಡೆ ನೋಡಿದರು. ಆಮೇಲೆ ಅವರ ಬಲಗೈ ಮೇಜಿನ ಮೇಲೆ ಹರಿದಾಡಿತು. ನೋಡದೆ, ಎಡದಿಂದ ಒಂದೊಂದೇ ಟ್ಯೂಬನ್ನು ಮುಟ್ಟುತ್ತಾ ಹೋಯಿತು. ನಾಲ್ಕನೆಯದರ ಮೇಲೆ ನಿಂತಿತು. ಅದನ್ನು ಎತ್ತಿ, ಕಣ್ಣಿನ ಹತ್ತಿರಕ್ಕೆ ತಂದು, ಇನ್ನೂ ಹತ್ತಿರಕ್ಕೆ ತಂದು, ಮೂಗಿಗೆ ತಾಗುವಷ್ಟು ತಂದು, ಕೆಳಗಿಟ್ಟರು. ಅವರ ಮುಖ ಆಗ ಹೇಗಾಯಿತು ಎಂದು ಬರೆಯಲಾರೆ. ಮೆಟ್ಟಿಲಿದೆ ಎಂದುಕೊಂಡು ಕಾಲಿಟ್ಟಾಗ ಮೆಟ್ಟಿಲಿರದಿದ್ದರೆ ಆಗುತ್ತದಲ್ಲ, ಹಾಗೆ.

ಆಗ ನನ್ನ ಬಾಯಿ ತಾನಾಗಿ ತೆರೆಯಿತು. ನನ್ನ ಅತ್ಯುತ್ತಮ ಇಂಗ್ಲಿಷಿನಲ್ಲಿ, ಡಿಬೇಟ್ ಕಾಂಪಿಟೇಷನ್ನಿನ ದನಿಯಲ್ಲಿ, ಇದು ಅಂಡರ್‌ಕೋಟ್ ಎಂದೂ, ಬೂದಿಗೆ ಆಳ ಬರಲು ಕೆಳಗೆ ಬೆಚ್ಚಗಿನ ನೇರಳೆ ಹಾಕುವುದು ಯುರೋಪಿನ ಮ್ಯೂಸಿಯಂಗಳಲ್ಲಿ ಸಾಮಾನ್ಯವೆಂದೂ, ಸಾಹೇಬರಿಗೆ ಇದು ಗೊತ್ತಿಲ್ಲದೆ ಇರಲು ಸಾಧ್ಯವೇ ಇಲ್ಲವೆಂದೂ ಹೇಳಿದೆ. ಒಂದಕ್ಷರ ನಿಜವಿಲ್ಲ. ಕೊನೆಗೆ 'ಆಬ್ವಿಯಸ್ಲಿ' ಎಂದು ಸೇರಿಸಿದೆ.

"ಆಫ್ ಕೋರ್ಸ್, ಆಫ್ ಕೋರ್ಸ್" ಎಂದ. ಚಹಾ ಕುಡಿದು ಹೋದ. ಹದಿನಾಲ್ಕು ವರ್ಷ ಅಪ್ಪ ಕಟ್ಟಿದ ಫೀಸು ಇವತ್ತು ವಸೂಲಾಯಿತು.

ಬಾಗಿಲು ಹಾಕಿದ ಮೇಲೆ ಅತ್ತೆ ಕೇಳಿದರು, "ಟ್ಯೂಬ್ ಯಾರು ಮುಟ್ಟಿದ್ದು?"

ಜನವರಿ 23, ಗುರುವಾರ

ನಿನ್ನೆ ಪೂರ್ತಿ ಬರೆಯಲು ಆಗಲಿಲ್ಲ, ಅತ್ತುಬಿಟ್ಟಿದ್ದೆ. ನಾನು ಅತ್ತರೆ ಮೂಗು ಟೊಮೆಟೊ ಆಗುತ್ತದೆ. ಅದನ್ನು ನೋಡಿ ನನ್ನ ಚಿನ್ನ "ಅಮ್ಮ ಹಾಗೇನೇ" ಎಂದ. ಹಾಗೇನೇ ಎಂದರೆ ಹೇಗೆ ಎಂದು ಇವನು ಮೂವತ್ತು ವರ್ಷದಲ್ಲಿ ಒಮ್ಮೆಯಾದರೂ ತಿರುಗಿ ನೋಡಿದ್ದಾನೆಯೇ?

ಅತ್ತೆಯ ಎರಡೂ ಕಣ್ಣಿಗೆ ಪೊರೆ. ಮೂರು ವರ್ಷದಿಂದ. ಮಗನಿಗೆ ಗೊತ್ತಿಲ್ಲ, ಯಾರಿಗೂ ಗೊತ್ತಿಲ್ಲ. ಎಲ್ಲವೂ ಚಹಾದ ಡಿಕಾಕ್ಷನ್ ಒಳಗಿಂದ ನೋಡಿದ ಹಾಗಂತೆ. ನೀಲಿ, ನೇರಳೆ, ಬೂದು ಎಲ್ಲ ಒಂದೇ ಕೊಳೆ. ಬಣ್ಣವನ್ನು ಅವರು ಕಣ್ಣಿನಿಂದ ತೆಗೆಯುತ್ತಿರಲಿಲ್ಲ, ಜಾಗದಿಂದ ತೆಗೆಯುತ್ತಿದ್ದರು. ಎಡದಿಂದ ನಾಲ್ಕನೆಯದು ನೀಲಿ, ಒಂಬತ್ತನೆಯದು ಮಣ್ಣಿನ ಹಳದಿ. ಅದನ್ನೇ ನಾನು ಕಾಮನಬಿಲ್ಲು ಮಾಡಿಟ್ಟೆ. ಮುದ್ದಾಗಿ. ಫೋಟೋ ಸಮೇತ.

"ಆಪರೇಷನ್ ಮಾಡಿಸಿದ್ರೆ ಹೋಗುತ್ತಲ್ಲ ಅತ್ತೆ? ಅರ್ಧ ಗಂಟೆ ಅಂತಾರೆ."

"ಹೋಗುತ್ತೆ."

"ಮತ್ತೆ?"

ಜೊಂಡಿನ ಒಂದು ಎಲೆಯನ್ನು ಬೆರಳಲ್ಲಿ ನೀವುತ್ತಾ ಕೂತಿದ್ದರು. "ಚೆನ್ನಾಗಿ ಕಾಣೋಕೆ ಶುರುವಾಗುತ್ತೆ. ಅದೇ ಭಯ. ಈ ಮೂರು ವರ್ಷದಲ್ಲಿ ಮೂರು ಪೆಟ್ಟಿಗೆ ಮಾಡಿದೀನಿ. ಏನೇನು ಬಳಿದಿದೀನೋ. ಜನ ನಕ್ಕಿದಾರೋ, ಪಾಪ ಅಂದಿದಾರೋ. ಈಗ ಗೊತ್ತಿಲ್ಲ. ಆಮೇಲೆ ಗೊತ್ತಾಗುತ್ತೆ."



ಎಲೆಯನ್ನು ಕೆಳಗಿಟ್ಟು ಹೇಳಿದರು: "ಟ್ಯೂಬ್ ಇದ್ದ ಹಾಗೆ ಇಡು. ಆಕಾಶ ಕೆರೆದು ಮತ್ತೆ ಬಳೀಬೇಕು. ಕೈ ನಂದು, ಕಣ್ಣು ನಿಂದು. ಆ ಇಸ್ತ್ರಿ ಮನುಷ್ಯನಿಗೆ ಎಷ್ಟು ಬೇಕಾದ್ರೂ ಸುಳ್ಳು ಹೇಳು, ಚೆನ್ನಾಗಿ ಹೇಳ್ತೀಯ. ನನಗೆ ಮಾತ್ರ ಹೇಳ್ಬೇಡ. ಒಂದೇ ಒಂದು ಸಲಾನೂ."

"ಪ್ರಾಮಿಸ್" ಎಂದೆ.

ಟ್ಯೂಬುಗಳನ್ನು ಮೊದಲಿನಂತೆ ಇಡಲು ಹೇಗೆ ಗೊತ್ತಾಗಬೇಕು? ಅವರು ಒಂದೊಂದಾಗಿ ಹೇಳಿದರು, ಇಪ್ಪತ್ತೆರಡನ್ನೂ, ಒಂದು ಕಡೆಯೂ ತಡವರಿಸದೆ.

ಜನವರಿ 27, ಸೋಮವಾರ

ಬೆಳಗಾಗುವ ಮುಂಚೆ ಊರಾಚೆಯ ಕೆರೆಗೆ ಹೋದೆವು. ಹೊಸ ಮದುಮಗಳು, ನಸುಕು, ಕೆರೆಯ ದಂಡೆ, ಮಂಜು. ಎಷ್ಟು ರೊಮ್ಯಾಂಟಿಕ್! ಪಕ್ಕದಲ್ಲಿ ಅತ್ತೆ.

"ಆಕಾಶ ಯಾವ ಬಣ್ಣ?" ಕಣ್ಣು ಮುಚ್ಚಿಕೊಂಡೇ ಕೇಳಿದರು.

"ಗ್ರೇ."

"ಯಾವ ಬೂದು?"

"ಗ್ರೇ... ಗ್ರೇ ಗ್ರೇ."

"ಅಷ್ಟು ದೊಡ್ಡ ಸ್ಕೂಲಲ್ಲಿ ಇಷ್ಟೇನಾ ಕಲ್ಸಿದ್ದು? ಒದ್ದೆ ಸಿಮೆಂಟಾ, ಒಣಗಿದ ಸಿಮೆಂಟಾ? ಪೆನ್ಸಿಲ್ ಸೀಸಾನಾ? ಬೂದಿಯಾ? ಬೂದಿಯಾದರೆ ಯಾವುದು ಸುಟ್ಟಿದ್ದು, ಕಾಗದವಾ ಕಟ್ಟಿಗೆಯಾ?"

ನೋಡಿದೆ. ನಿಜವಾಗಿ ನೋಡಿದೆ. "ಮೇಲೆ ಒದ್ದೆ ಸಿಮೆಂಟು. ಕೆಳಗೆ ಬರ್ತಾ ಬರ್ತಾ... ಸ್ಟೀಲ್ ಲೋಟದ ಒಳಗೆ ನೋಡಿದ ಹಾಗೆ. ನೀರಿನ ಅಂಚಲ್ಲಿ ತಣ್ಣಗಾದ ಚಹಾ, ಮೇಲೆ ಕೆನೆ ಕಟ್ಟಿರುತ್ತಲ್ಲ, ಅದು."

ಅತ್ತೆ ಕಣ್ಣು ತೆರೆದರು. ತೆರೆದರೆ ಏನು ಕಾಣುತ್ತಿತ್ತೋ. "ಹ್ಞೂಂ" ಎಂದರು. "ಹಾಗಾದ್ರೆ ಇನ್ನೂ ಹಾಗೇ ಇದೆ."

ಈ 'ಹ್ಞೂಂ'ಗೆ ಡಿಬೇಟಿನಲ್ಲಿ ಗೆದ್ದ ಎಲ್ಲಾ ಕಪ್‌ಗಳನ್ನೂ ಕೊಡಬಹುದು. ಹಾಗೆಂದು ಅವರಿಗೆ ಹೇಳುವುದಿಲ್ಲ.

ಫೆಬ್ರವರಿ 1, ಶನಿವಾರ

ಆಕಾಶದ ಮೂರನೇ ಪದರ. ಕಲಸಿದ್ದು ನಾನು, ಬಳಿದದ್ದು ಅವರು. ಬಲಮೂಲೆ ಸ್ವಲ್ಪ ಹಳೇ ಪೇಪರಿನ ಮಡಿಕೆಯ ಬಣ್ಣ ಆಗಿದೆ, ನಾಳೆ ತಿದ್ದಬೇಕು. ಎಲೆ 400 ಮುಗಿದು 60 ಹೆಚ್ಚಾಗಿದೆ. ಕೈ ನಿಲ್ಲಲಿಲ್ಲ.

ಇವನು ಸಿನಿಮಾಕ್ಕೆ ಕರೆದ. ಕೈ ತುಂಬ ಅಂಟಿತ್ತು.

ಫೆಬ್ರವರಿ 6, ಗುರುವಾರ

ಸೂಜಿಬಾಲದ ಬಾತು, ಅದೇ ಉದ್ದ ಕುತ್ತಿಗೆಯವನು, ಅವನ ಕೊಕ್ಕು ಸೀಸದ ಬಣ್ಣ ಎಂದು ಪುಸ್ತಕದಲ್ಲಿದೆ. ಸೀಸ ಅಲ್ಲವೇ ಅಲ್ಲ. ಮಳೆ ನಿಂತ ಮೇಲೆ ಟಾರು ರಸ್ತೆ ಒಣಗುತ್ತದಲ್ಲ, ಅಂಚಿನಲ್ಲಿ. ಅತ್ತೆಗೆ ಹೇಳಿದೆ. "ಪುಸ್ತಕ ಬರೆದೋನಿಗೆ ಹೇಳು, ನನಗ್ಯಾಕೆ" ಎಂದರು. ಆದರೆ ಆ ಬಣ್ಣವೇ ಹಾಕಿದರು.

ಊಟದ ಹೊತ್ತಿಗೆ ಇವನು "ನೀವಿಬ್ರೂ ಏನು ಮಾತಾಡ್ತೀರ ಅಂತಾನೇ ಅರ್ಥ ಆಗಲ್ಲ" ಎಂದ. ನಾವು ಏನೂ ಮಾತಾಡುತ್ತಿರಲಿಲ್ಲ. ಕೆಸರಿನ ಬಗ್ಗೆ ಮಾತ್ರ.

ಫೆಬ್ರವರಿ 9, ಭಾನುವಾರ

ಒಂದು ತಪ್ಪು ಮಾಡಿದೆ.

ಕೆರೆಯ ಆಚೆ ದಂಡೆ ಬಾಕಿ ಇತ್ತು. ದೂರದಲ್ಲಿ ಮಂಜಿನೊಳಗೆ ಕಂಡೂ ಕಾಣದಂತಿರುವ ಒಂದು ಗೆರೆ, ಅಂಗೈ ಉದ್ದ. "ಇದೊಂದು ನಾನೇ ಕಲಸ್ತೀನಿ, ನಾನೇ ಬಳೀತೀನಿ. ನೀನು ಆಚೆ ಹೋಗು" ಎಂದರು. ಹೋದೆ. ಕಿಟಕಿಯಿಂದ ನೋಡಿದೆ. ಬಿಳಿಗೆ ನೀಲಿ ಹಾಕಿದರು, ಸಾಲದೆನಿಸಿತು, ಇನ್ನಷ್ಟು ಹಾಕಿದರು, ಕೆಂಪು ತಾಗಿಸಿದರು, ಮತ್ತೆ ನೀಲಿ. ಅವರ ಕಣ್ಣಿಗೆ ಅದು ತಲುಪುತ್ತಲೇ ಇರಲಿಲ್ಲ. ಆಮೇಲೆ ಒಂದೇ ಉಸಿರಿನಲ್ಲಿ, ಮಣಿಕಟ್ಟು ಅಲ್ಲಾಡಿಸದೆ, ಗೆರೆ ಎಳೆದರು. ಎಂಥ ಕೈ! ಬ್ರಷ್ ಕೆಳಗಿಟ್ಟು ನಕ್ಕರು, ತಮ್ಮಷ್ಟಕ್ಕೆ. ಅವರು ನಕ್ಕದ್ದನ್ನು ನಾನು ನೋಡಿಯೇ ಇರಲಿಲ್ಲ. ಅವರಿಗೂ ಎಡಗೆನ್ನೆಯಲ್ಲಿ ಮಾತ್ರ ಗುಳಿ.

"ಕಾನ್ವೆಂಟೂ, ಬಾ. ಹೇಗಿದೆ?"

ನೇರಳೆ. ಅಚ್ಚ ನೇರಳೆ.

"ಸರಿಯಾಗಿದೆ ಅತ್ತೆ" ಎಂದೆ.

ಫೆಬ್ರವರಿ 14, ಶುಕ್ರವಾರ

ನೀರು ಸುರಿದೆವು. ಕೊನೇ ಪದರ. ಗಟ್ಟಿಯಾಗುವವರೆಗೆ ಶೆಡ್ಡಿನಲ್ಲಿ ಯಾರೂ ಓಡಾಡಬಾರದು, ಸೀನಬಾರದು, ಧೂಳು ಏಳಬಾರದು. ಇವನು ಹೂಗುಚ್ಛ ಹಿಡಿದು ಬಾಗಿಲು ದಬ್ಬಿಕೊಂಡು ಒಳಬಂದ. ನಾನು ಮತ್ತು ಅತ್ತೆ ಒಟ್ಟಿಗೇ "ಹೊರಗೆ!" ಎಂದೆವು.

ಪಾಪ. ಆಮೇಲೆ ಹೂ ತೆಗೆದುಕೊಂಡೆ. ಒಳ್ಳೆಯ ಕೆಂಪು, ಒಣಗಿದ ಇಟ್ಟಿಗೆಗೆ ಒಂದು ಹನಿ ಎಣ್ಣೆ ಬಿದ್ದ ಹಾಗೆ. ಹಾಗೆಂದೆ. ಅವನು ಥ್ಯಾಂಕ್ಸ್ ಎನ್ನಬೇಕೋ ಬೇಡವೋ ಎಂದು ನಿಂತಿದ್ದ.

ಫೆಬ್ರವರಿ 17, ಸೋಮವಾರ

ಗಾಜು ಕೂರಿಸಿ ಸೀಲ್ ಮಾಡಿದೆವು. ಗಾಜು ನೇರ ನಿಲ್ಲುವುದಿಲ್ಲ, ತುಸು ಮುಂದಕ್ಕೆ ಬಾಗಿರುತ್ತದೆ, ನೋಡುವವರಿಗೆ ತಮ್ಮದೇ ಮುಖ ಕಾಣಬಾರದೆಂದು. ಕ್ಯೂರೇಟರನಿಗೆ ಇದು ನಷ್ಟ.

ಸೀಲ್ ಮಾಡುವ ಮುಂಚೆ ಎರಡು ಸಲ ಬಾಯಿ ತೆರೆದೆ. ಆ ಗೆರೆಯ ಬಗ್ಗೆ ಹೇಳಿಬಿಡಬೇಕೆಂದು. ಅತ್ತೆ ತಲೆಯಿಲ್ಲದ ಬಾತಿನ ಬಾಲವನ್ನು ಮೆತ್ತನೆಯ ಬ್ರಷ್ಷಿನಿಂದ ಒರೆಸುತ್ತಾ ಏನೋ ಗುನುಗುತ್ತಿದ್ದರು. ಬಾಯಿ ಮುಚ್ಚಿಕೊಂಡೆ.

ಫೆಬ್ರವರಿ 20, ಗುರುವಾರ

ಮ್ಯೂಸಿಯಂ ತೆರೆಯಿತು. ಮಕ್ಕಳೆಲ್ಲ ಮುಳುಗಿದ ಬಾತಿನ ಮುಂದೆ ಮಂಡಿಯೂರಿ, ಅದರ ತಲೆ ಕಾಣುತ್ತದೆಯೇ ಎಂದು ಬಗ್ಗಿ ಬಗ್ಗಿ ನೋಡಿದವು. ಒಬ್ಬಳು "ನಂಗೆ ಕಾಣ್ತು!" ಎಂದು ಆಣೆ ಮಾಡಿದಳು. ಟಚ್‌ಸ್ಕ್ರೀನ್ ಮಾತೇ ಇಲ್ಲ. ನಾನು ಆನಂದದಿಂದ ಅಲ್ಲೇ ತೇಲಿಹೋಗುವುದರಲ್ಲಿದ್ದೆ.

ಆಗ ಇಸ್ತ್ರಿ ಮನುಷ್ಯ ಅತಿಥಿಗಳ ಗುಂಪಿನೊಂದಿಗೆ ಬಂದ. ಕೋಲಿನಿಂದ ತೋರಿಸುತ್ತಾ, "ಗಮನಿಸಿ. ದೂರದಲ್ಲಿ ಆ ನೇರಳೆ ಮಂಜು! ಎಂಥ ಧೈರ್ಯ! ಇಡೀ ದೃಶ್ಯಕ್ಕೆ ಜೀವ ಬಂದಿರೋದೇ ಅದರಿಂದ."

ಅತ್ತೆ ನನ್ನ ಕೈ ಹಿಡಿದುಕೊಂಡಿದ್ದರು. ಬಿಟ್ಟರು.

ಮನೆಗೆ ಬಂದು ಚಪ್ಪಲಿ ಬಿಡುತ್ತಾ ಮಗನಿಗೆ ಮಾತ್ರ ಹೇಳಿದರು: "ನನಗೆ ಕಣ್ಣು ಕಾಣಲ್ಲ. ಮೂರು ವರ್ಷ ಆಯ್ತು. ಡಾಕ್ಟರಿಗೆ ಫೋನ್ ಮಾಡು. ಈಗ ಯಾರ ಮಾತನ್ನೂ ನಂಬೋ ಹಾಗಿಲ್ಲ."

ಇವನು ಬಾಯಿ ತೆರೆದು ನಿಂತ. 'ಅಮ್ಮ ಹಾಗೇನೇ' ಎನ್ನಲು ಇವತ್ತು ಬಾಯಿ ಬರಲಿಲ್ಲ.

ಫೆಬ್ರವರಿ 26, ಬುಧವಾರ

ಇನ್ನೂ ಮಾತಾಡಿಲ್ಲ. ಕಾನ್ವೆಂಟು ಎಂದೂ ಕರೆಯುವುದಿಲ್ಲ. "ಉಪ್ಪು" ಎನ್ನುತ್ತಾರೆ, ಉಪ್ಪು ಕೊಡುತ್ತೇನೆ.

ಮಾರ್ಚ್ 6, ಗುರುವಾರ

ಬಲಗಣ್ಣಿನ ಆಪರೇಷನ್ ಆಯಿತು. ಇಪ್ಪತ್ತೈದು ನಿಮಿಷ. ಇವನು ಆಸ್ಪತ್ರೆಯ ಕಾರಿಡಾರಿನಲ್ಲಿ ನನಗೆ ಒರಗಿಕೊಂಡು ಅತ್ತ. "ನಾನು ನೋಡ್ಲೇ ಇಲ್ಲ" ಎಂದ. ನಾನೂ ನೋಡಿರಲಿಲ್ಲ, ಟ್ಯೂಬ್ ಜೋಡಿಸಿದ್ದರಿಂದ ಗೊತ್ತಾಯಿತು ಅಷ್ಟೇ ಎಂದೆ. ಇಬ್ಬರೂ ಮೂಗು ಒರೆಸಿಕೊಂಡೆವು.

ಮಾರ್ಚ್ 15, ಶನಿವಾರ

ಬೆಳಿಗ್ಗೆ ಅತ್ತೆ ಕಪ್ಪು ಕನ್ನಡಕ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು. "ಮ್ಯೂಸಿಯಂಗೆ. ನೀನೂ ಬಾ." ಇಪ್ಪತ್ತಮೂರು ದಿನಕ್ಕೆ ಮೊದಲ ಪೂರ್ತಿ ವಾಕ್ಯ.

ಮೊದಲು ಮೂರು ವರ್ಷದ ಮೂರು ಪೆಟ್ಟಿಗೆಗಳು. ಕೊಕ್ಕರೆಯ ಮುಂದೆ ಕನ್ನಡಕ ತೆಗೆದರು. ಆ ಆಕಾಶ ಮಸಾಲೆ ಅರೆದ ಕಲ್ಲಿನ ಹಾಗಿದೆ, ಮ್ಯೂಸಿಯಂ ತೆರೆದ ದಿನವೇ ನೋಡಿದ್ದೆ. ಬಹಳ ಹೊತ್ತು ನೋಡಿದರು.

"ಈ ಕೊಕ್ಕರೆ ಯಾವ ಗ್ರಹದ್ದು?" ಎಂದರು.

ನಾನು ನಕ್ಕುಬಿಟ್ಟೆ. ತಪ್ಪೆಂದು ಗೊತ್ತಿದ್ದರೂ ನಿಲ್ಲಲಿಲ್ಲ. ಅವರು ನಗಲಿಲ್ಲ, ಆದರೆ ಗುಳಿ ಬಿತ್ತು. ಮಿಂಚುಳ್ಳಿ, ನೀರುಕಾಗೆಗಳ ಮುಂದೆ ನಡೆದಾಗ ಅದೂ ಇರಲಿಲ್ಲ. ನೀರುಕಾಗೆಯ ಗಾಜನ್ನು ಒಮ್ಮೆ ಅಂಗೈಯಿಂದ ಮುಟ್ಟಿದರು, ಜ್ವರ ನೋಡುವ ಹಾಗೆ.

ಆಮೇಲೆ ನಮ್ಮ ಬಾತುಗಳು. ಅತ್ತೆ ಆಪರೇಷನ್ ಆದ ಕಣ್ಣು ಮುಚ್ಚಿ ನೋಡಿದರು. ಇನ್ನೊಂದನ್ನು ಮುಚ್ಚಿ ನೋಡಿದರು. ಮತ್ತೆ ಮೊದಲಿನದು. ಹೊರಗೆ ಯಾರೋ ನೆಲ ಒರೆಸುತ್ತಿದ್ದರು. ಬಕೆಟ್ಟಿನ ಸದ್ದು ಕಿವಿಯೊಳಗೇ ಆದಂತಿತ್ತು.

"ನಾಲ್ಕು ತಪ್ಪಿದೆ" ಎಂದರು. "ಬಲಮೂಲೆ ಹಳದಿಗೆ ತಿರುಗಿದೆ. ಎರಡನೇ ಬಾತಿನ ನೆರಳು ಬೆಚ್ಚಗಾಯ್ತು, ಕೆಂಪು ಜಾಸ್ತಿ. ಕೆಸರಿನ ಅಂಚು ತುಂಬಾ ಶುದ್ಧ, ನೀನು ಜೋಡಿಸಿದ ಮೇಜಿನ ಹಾಗೆ. ಈ ಮೂರು ನಿಂದು. ಒಂದು ನಂದು."

ನಾನು ಆ ನೇರಳೆ ಗೆರೆಯನ್ನು ನೋಡಿದೆ.

"ನಂದನ್ನ ಯಾಕೆ ಬಿಟ್ಟೆ?"

"ಅವತ್ತು ನಿಮ್ಮ ಮುಖ ಹಾಗಿತ್ತು ಅತ್ತೆ. ನೀವು ನಕ್ಕಿದ್ರಿ."

"ನನ್ನ ಮುಖ ನೋಡೋಕೆ ನಿನ್ನ ಕರೆದಿದ್ನಾ? ಆಕಾಶ ನೋಡೋಕೆ ಕರೆದಿದ್ದು."

"ಸಾರಿ ಅತ್ತೆ."

"ಸಾರಿ ಅಂತೆ." ಮತ್ತೆ ಗಾಜಿನ ಕಡೆ ತಿರುಗಿದರು. "ಉಳಿದದ್ದೆಲ್ಲಾ ನಸುಕೇ. ಎಡಗಡೆ ಮೇಲೆ, ಆ ಒದ್ದೆ ಸಿಮೆಂಟು... ನಾನು ಕಣ್ಣು ಚೆನ್ನಾಗಿದ್ದಾಗಲೂ ಅಷ್ಟು ಹಿಡಿದಿರ್ಲಿಲ್ಲ."

ಇಸ್ತ್ರಿ ಮನುಷ್ಯ ಕೈ ಉಜ್ಜುತ್ತಾ ಬಂದ. ಅತ್ತೆ ಅವನಿಗೆ ತಮ್ಮ ಕಣ್ಣಿನ ಕಥೆಯನ್ನು ಮೂರೇ ವಾಕ್ಯದಲ್ಲಿ ಹೇಳಿ, ನಾಲ್ಕು ಪೆಟ್ಟಿಗೆ ಬಿಚ್ಚಬೇಕು ಎಂದರು.

"ಬಾತಿನದೂನಾ? ಅದು ಸೀಲ್ ಆಗಿದೆ. ಮೇಲಾಗಿ ಆ ನೇರಳೆ ಜನಕ್ಕೆ ತುಂಬಾ ಇಷ್ಟ ಆಗಿದೆ."

"ಜನಕ್ಕೆ ಇಷ್ಟ ಆಗುತ್ತೆ. ಬಾತಿಗೆ ಆಗಲ್ಲ. ಸೀಲ್ ಹಾಕಿದ್ದು ನಾವೇ, ತೆಗೆಯೋದೂ ನಾವೇ. ಬೇಡ ಅಂದ್ರೆ ನಿಮ್ಮ ಸ್ಕ್ರೀನ್ ತಂದಿಟ್ಕೊಳ್ಳಿ."

ಅವನು ನನ್ನ ಕಡೆ ನೋಡಿದ, ಇಂಗ್ಲಿಷಿನಲ್ಲಿ ಏನಾದರೂ ಸಮಾಧಾನ ಸಿಗುತ್ತದೆಯೇ ಎಂದು. "ಆಬ್ವಿಯಸ್ಲಿ" ಎಂದೆ. ಅವನು ಮತ್ತೊಮ್ಮೆ ಬಾತುಗಳನ್ನು ನೋಡಿದ, ನಿಟ್ಟುಸಿರು ಬಿಟ್ಟ, ಸೋಮವಾರ ಕೀಲಿ ಕೊಡುವುದಾಗಿ ಒಪ್ಪಿದ.

ಮನೆಗೆ ಬಂದರೆ ಬಣ್ಣದ ಮೇಜಿನ ಮೇಲೆ ಟ್ಯೂಬುಗಳು ಕಾಮನಬಿಲ್ಲಿನ ಕ್ರಮದಲ್ಲಿವೆ. ಹೊರಡುವ ಮುಂಚೆಯೇ ಜೋಡಿಸಿಟ್ಟಿದ್ದರು. "ನನಗೆ ಈಗ ಎಲ್ಲಿಟ್ರೂ ಕಾಣುತ್ತೆ" ಎಂದರು. "ಹುಡುಕಾಡೋಳು ನೀನು, ಕಾನ್ವೆಂಟು."

ಸಂಜೆ ಇವನು ಓಡಿಬಂದ, ಕೈಯಲ್ಲಿ ಟಿಕೆಟ್ಟು. ಸಮುದ್ರ! ಸೋಮವಾರಕ್ಕೇ! ಸೋಮವಾರ ಸೀಲ್ ಬಿಚ್ಚಬೇಕು, ಮುಂದಿನ ತಿಂಗಳಿಗೆ ಹಾಕಿಸು ಎಂದೆ. ಅವನ ಮುಖ ಬಾಡಿತು. ಅಲ್ಲಿ ಎಷ್ಟು ಚೆನ್ನಾಗಿದೆ ಗೊತ್ತಾ, ಸಮುದ್ರ ಎಂಥ ನೀಲಿ ಗೊತ್ತಾ ಎಂದು ಶುರುಮಾಡಿದ.

"ಯಾವ ನೀಲಿ?" ಎಂದು ಕೇಳಿದೆ.

ಯೋಚಿಸಿದ. "ನೀಲಿ... ನೀಲಿ ನೀಲಿ" ಎಂದ.

ಪಾಪ. ಯಾವ ಸ್ಕೂಲಲ್ಲಿ ಓದಿದನೋ.